‘ಹ್ಯಾಲೋವೀನ್’ ಸಿನಿಮಾದ ಕೊಲೆಗಾರನ ಮುಖವಾಡದಲ್ಲಿ ಯಾವ ಭಾವವೂ ಇಲ್ಲ. ಆದರೂ ಅಷ್ಟು ಭಯ ಯಾಕೆ?

ಭಾವ ಇಲ್ಲದಿರುವುದೇ ಭಯಕ್ಕೆ ಕಾರಣ. ಎದುರಿಗಿರುವವರು ಏನು ಮಾಡಬಹುದು ಅಂತ ನಾವು ಮುಖ ನೋಡಿ ಊಹಿಸುತ್ತೇವೆ. ಹುಬ್ಬು ಗಂಟಿಕ್ಕಿದರೆ ಕೋಪ, ತುಟಿ ನಡುಗಿದರೆ ಹೆದರಿಕೆ. ಈ ಕೊಲೆಗಾರ ಮೈಕಲ್ ಮೈಯರ್ಸ್ ಮುಖದಲ್ಲಿ ಆ ಸುಳಿವೇ ಸಿಗಲ್ಲ. ಆಗ ಖಾಲಿ ಜಾಗವನ್ನು ನಮ್ಮ ಮನಸ್ಸೇ ತುಂಬಿಕೊಳ್ಳುತ್ತದೆ, ಅದೂ ಕೆಟ್ಟದ್ದರಿಂದಲೇ.

1978ರ ಈ ಚಿತ್ರಕ್ಕೆ ಬಳಸಿದ್ದು ಅಂಗಡಿಯಲ್ಲಿ ಸಿಗುತ್ತಿದ್ದ ಅಗ್ಗದ ಮುಖವಾಡ, ‘ಸ್ಟಾರ್ ಟ್ರೆಕ್’ ಟಿವಿ ಸರಣಿಯ ಕ್ಯಾಪ್ಟನ್ ಕರ್ಕ್ ಅನ್ನೋ ಪಾತ್ರದ್ದು. ಕೆನ್ನೆಗೂದಲು ತೆಗೆದು, ಕಣ್ಣಿನ ತೂತು ದೊಡ್ಡದು ಮಾಡಿ, ಬಿಳಿ ಬಣ್ಣ ಬಳಿದರು. ಯಾರ ಮುಖ ಅನ್ನೋ ಗುರುತು ಹೋಯಿತು, ಮನುಷ್ಯನ ಮುಖದ ಅಚ್ಚು ಮಾತ್ರ ಉಳಿಯಿತು. ಹೆಸರುಪಟ್ಟಿಯಲ್ಲೂ ಅವನು ‘ದಿ ಶೇಪ್’, ಅಂದರೆ ಬರೀ ಆಕಾರ.

ಒಂದು ದೃಶ್ಯವಿದೆ. ಅಡುಗೆಮನೆಯಲ್ಲಿ ಒಬ್ಬ ಹುಡುಗನನ್ನು ಚಾಕುವಿನಿಂದ ಚುಚ್ಚಿ ನಿಲ್ಲಿಸಿ, ತಲೆ ನಿಧಾನಕ್ಕೆ ಆ ಕಡೆ ಈ ಕಡೆ ಓರೆ ಮಾಡಿ ನೋಡುತ್ತಾನೆ. ಕುತೂಹಲವಾ? ಮೆಚ್ಚುಗೆಯಾ? ಅಭಿಮಾನಿಗಳು ಇವತ್ತಿಗೂ ವಾದ ಮಾಡುತ್ತಾರೆ. ಅಲ್ಲಿ ನಟನ ನಿಜವಾದ ಮುಖ ಕಂಡಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ, ಅಲ್ವಾ?

ಬೆಂಗಳೂರಿನವರಿಗೆ ಈ ಭಯ ಹೊಸದಲ್ಲ. 1990ರ ದಶಕದಲ್ಲಿ ಇಲ್ಲಿ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿರುತ್ತಿತ್ತು. ರಾತ್ರಿ ಬರುವ ದೆವ್ವ ಮನೆಯವರ ದನಿಯಲ್ಲೇ ಕರೆಯುತ್ತೆ ಅನ್ನೋ ಮಾತಿತ್ತು. ಅದರ ಮುಖ ಮಾತ್ರ ಯಾರೂ ಕಂಡಿರಲಿಲ್ಲ. ಕತ್ತಲಾದ ಮೇಲೆ ಯಾರಾದರೂ ಬಾಗಿಲು ತಟ್ಟಿದರೆ ಚಿಲಕಕ್ಕೆ ಹೋದ ಕೈ ಅಲ್ಲೇ ನಿಂತುಬಿಡುತ್ತಿತ್ತು.