ಶ್ರೀಶೈಲದ ದಾರಿಗೆ ಜೊತೆ ಯಾರು?

ಧಾರವಾಡದಿಂದ ಒಬ್ಬ ಓದುಗರು ಬರೆದಿದ್ದಾರೆ. ನಿವೃತ್ತ ಶಿಕ್ಷಕಿ, ವಯಸ್ಸು 61. ಈ ಯುಗಾದಿಗೆ ವಾರಗಿತ್ತಿಯ ಜೊತೆ ಶ್ರೀಶೈಲಕ್ಕೆ ನಡೆದು ಹೋಗಬೇಕೆಂದು ಎರಡು ವರ್ಷದಿಂದ ಮಾತಾಡಿಕೊಂಡಿದ್ದರಂತೆ. ಈಗ ವಾರಗಿತ್ತಿಗೆ ಮಂಡಿ ಆಪರೇಷನ್ ಆಗಿದೆ, ಮಕ್ಕಳು ಕಾರಿನಲ್ಲಿ ಹೋಗಿ ಬಾ ಅನ್ನುತ್ತಿದ್ದಾರೆ. "ನಾನು ಬೇಗ ಬೆರೆಯುವವಳಲ್ಲ. ಗೊತ್ತಿಲ್ಲದವರ ನಡುವೆ ಅಷ್ಟು ದಿನ ಹೇಗಿರಲಿ? ಜೊತೆ ಸಿಗುತ್ತದೆಯೇ, ಇಲ್ಲ ಬಿಟ್ಟುಬಿಡಲೇ?" ಎಂದು ಕೇಳಿದ್ದಾರೆ.

ಅಕ್ಕಾ, ನಮಸ್ಕಾರ.

ಬಿಡಬೇಡಿ. ಇಷ್ಟು ಹೇಳಿಯೇ ಮುಂದಿನ ಮಾತು. ನಿಮ್ಮ ಪತ್ರವನ್ನು ಮೂರು ಸಲ ಓದಿದೆ, ಯಾಕೆಂದರೆ ಆ ದಾರಿಯಲ್ಲಿ ನಾನೂ ಒಮ್ಮೆ ನಡೆದಿದ್ದೇನೆ, ಅದೂ ಜೊತೆಗಾರರನ್ನು ಕಟ್ಟಿಕೊಂಡೇ ಹೊರಟು.

ಬಾಗಲಕೋಟೆಯಿಂದ ನಾವು ಮೂವರು ಗೆಳೆಯರು ಹೊರಟಿದ್ದೆವು. ಶ್ರೀಶೈಲಕ್ಕೆ ಅಲ್ಲಿಂದ ಸುಮಾರು 400 ಕಿಲೋಮೀಟರ್. ಕಾಲೇಜಿನ ದಿನದಿಂದ ಒಟ್ಟಿಗೇ ಇದ್ದವರು ನಾವು, ನಮ್ಮಲ್ಲಿ ಮಾತಿಗೆ ಬರ ಇರಲಿಲ್ಲ. ಆದರೆ ಮೂರನೆಯ ದಿನಕ್ಕೇ ಬೇರೆ ಬೇರೆ ಆದೆವು. ಜಗಳವೇನೂ ಇಲ್ಲ. ಅವರಿಬ್ಬರೂ ಬಿರಬಿರನೆ ನಡೆಯುವವರು, ನನ್ನ ಎಡಗಾಲಿನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಅವರು ನನಗಾಗಿ ನಿಂತು ನಿಂತು ದಣಿದರು, ನಾನು ಅವರಿಗಾಗಿ ಓಡಿ ಓಡಿ ಇನ್ನಷ್ಟು ಕುಂಟಿದೆ. ಲಿಂಗಸುಗೂರಿನ ಹತ್ತಿರ ನಾನೇ ಹೇಳಿದೆ, ನೀವು ಹೋಗಿ, ರಾಯಚೂರಲ್ಲಿ ಸಿಗೋಣ ಅಂತ. ಸಿಗಲಿಲ್ಲ. ಶ್ರೀಶೈಲದಲ್ಲೇ ಸಿಕ್ಕಿದ್ದು.

ಆವತ್ತು ರಸ್ತೆ ಪಕ್ಕದ ಬೇವಿನ ಮರದ ಕೆಳಗೆ ಚಪ್ಪಲಿ ಬಿಚ್ಚಿ ಕೂತಿದ್ದೆ. ಬೆಳಿಗ್ಗೆ ಹತ್ತು ಗಂಟೆಯಷ್ಟೇ, ಆಗಲೇ ಡಾಂಬರು ಕಾದಿತ್ತು. ಜಮಖಂಡಿ ಕಡೆಯ ಒಂದು ಹಳ್ಳಿಯವರು ಅದೇ ನೆರಳಿಗೆ ಬಂದರು, ಮುಂದೆ ಹೆಗಲ ಮೇಲೆ ಹೊತ್ತ ಮಲ್ಲಯ್ಯನ (ಶ್ರೀಶೈಲದ ಮಲ್ಲಿಕಾರ್ಜುನನ) ಕಂಬಿ, ಹಿಂದೆ ಹದಿನಾಲ್ಕು ಜನ. ಅವರಲ್ಲೊಬ್ಬ ಅಜ್ಜಿ ನನ್ನ ಕಾಲು ನೋಡಿ, "ಯಾಕ ತಮ್ಮಾ, ಕಾಲು ಕೈ ಕೊಟ್ಟಾವೇನು?" ಅಂದರು. ಹೆಸರು ಕೇಳಲಿಲ್ಲ, ಕೆಲಸ ಕೇಳಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ, ತಮ್ಮ ಹಳೆ ಸೀರೆಯ ಮೆತ್ತನೆಯ ತುಂಡು ಹರಿದು ಕಟ್ಟಿದರು. ಸಂಜೆ ನಾಲ್ಕಕ್ಕೆ ಅವರು ಎದ್ದಾಗ ನಾನೂ ಎದ್ದೆ. ಅವರ ನಡಿಗೆ ನಿಧಾನ, ನನ್ನದೂ ನಿಧಾನ. ಶ್ರೀಶೈಲ ಮುಟ್ಟುವವರೆಗೂ ಅವರ ಜೊತೆಗೇ ಇದ್ದೆ.

ಅದಕ್ಕೇ ಹೇಳುತ್ತೇನೆ, ನಿಮಗೆ ಜೊತೆಯನ್ನು ನಿಮ್ಮ ಕಾಲೇ ಹುಡುಕಿಕೊಡುತ್ತದೆ. ಮನೆಯಲ್ಲಿ ಕೂತು ಸ್ವಭಾವ ಹೊಂದುತ್ತದೋ ಇಲ್ಲವೋ ಎಂದು ಚಿಂತೆ ಮಾಡಬೇಡಿ. ನಿಮ್ಮ ಹೆಜ್ಜೆಗೆ ಹೊಂದುವವರು ಎರಡು ಮೂರು ದಿನದಲ್ಲಿ ತಾವಾಗಿಯೇ ಪಕ್ಕಕ್ಕೆ ಬಂದಿರುತ್ತಾರೆ.

ಬೇಗ ಬೆರೆಯುವವಳಲ್ಲ ಅಂದಿರಿ. ನಾನು ಕಂಡ ಹಾಗೆ ಆ ದಾರಿಯಲ್ಲಿ ಮಾತು ಕಡಿಮೆ. ಬಿಸಿಲು ತಪ್ಪಿಸಲು ಬೆಳಗಿನ ಜಾವ ಮೂರಕ್ಕೋ ನಾಲ್ಕಕ್ಕೋ ಹೊರಡುತ್ತಾರೆ, ಆ ಕತ್ತಲಲ್ಲಿ ಮುಂದಿನವರ ಬ್ಯಾಟರಿ ಬೆಳಕು ನೋಡಿಕೊಂಡು ಸುಮ್ನೆ ನಡೆಯುವುದು. ಮಧ್ಯಾಹ್ನ ನಿದ್ದೆ. ರಾತ್ರಿ ಕಾಲಿಗೆ ಎಣ್ಣೆ, ಊಟ, ಮತ್ತೆ ನಿದ್ದೆ. ಕೇಳಿದರೆ ಕೇಳುವ ಪ್ರಶ್ನೆ ಒಂದೇ: "ಯಾವೂರ ಕಂಬಿ?" ಯಾರಾದರೂ ಭಜನೆ ಎತ್ತಿದರೆ ದನಿ ಸೇರಿಸಿ, ಇಲ್ಲದಿದ್ದರೆ ಇಲ್ಲ. ಯಾರೂ ತಪ್ಪು ತಿಳಿಯುವುದಿಲ್ಲ.

ದಾಸೋಹದ ವಿಷಯ ಸ್ವಲ್ಪ ಹೇಳಲೇಬೇಕು. ನಿಮ್ಮಂಥ, ನನ್ನಂಥ ಸಂಬಳದ ಜನಕ್ಕೆ ಅದೇ ಕಷ್ಟ. ದಾರಿಯುದ್ದಕ್ಕೂ ಶಾಮಿಯಾನ ಹಾಕಿಕೊಂಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ, ಕಲ್ಲಂಗಡಿ ಕೊಡುತ್ತಾರೆ, ಕಾಲಿಗೆ ಬಿಸಿನೀರು ಕಾಯಿಸಿ ಇಟ್ಟಿರುತ್ತಾರೆ. ತುಂಗಭದ್ರೆ ದಾಟಿ ಕರ್ನೂಲಿನ ಆಚೆ ಹೋದ ಮೇಲೆ ತೆಲುಗಿನವರೂ ಹಾಗೆಯೇ ಕೈಹಿಡಿದು ಕರೆಯುತ್ತಾರೆ. ಮೊದಲ ದಿನ ನಾನು ದುಡ್ಡು ಕೊಡಲು ಹೋಗಿ ಅವರ ಮುಖ ಸಪ್ಪಗಾಯಿತು, ಅದು ಇನ್ನೂ ನೆನಪಿದೆ. ತೆಗೆದುಕೊಳ್ಳಿ ಅಕ್ಕಾ. ಜೀವನವಿಡೀ ಮಕ್ಕಳಿಗೆ ಕಲಿಸಿ ಕೊಟ್ಟೇ ಅಭ್ಯಾಸ ಆದವರು ನೀವು. ಆ ಅಜ್ಜಿಯ ಮುಂದೆ ಕಾಲು ಚಾಚಲು ನಾನು ನಾಚಿಕೊಂಡು ಎದ್ದು ಹೋಗಿದ್ದರೆ ನನಗೆ ಯಾವ ಜೊತೆಯೂ ಸಿಗುತ್ತಿರಲಿಲ್ಲ.

ಒಂಟಿಯಾಗಿ ಮಾತ್ರ ಹೊರಡಬೇಡಿ. ನಿಮ್ಮ ಕಡೆಯ ಹಳ್ಳಿಗಳಲ್ಲಿ ವಿಚಾರಿಸಿ, ಹೆಂಗಸರು ಇರುವ ಒಂದು ತಂಡ ಸೇರಿಕೊಳ್ಳಿ. ಸಾಮಾನು, ದವಸ ಹೇರಿದ ಟ್ರ್ಯಾಕ್ಟರೋ ಟೆಂಪೋನೋ ಇರುವ ತಂಡವಾದರೆ ಬೆನ್ನಿಗೆ ಭಾರ ಇರುವುದಿಲ್ಲ. ಈಗಿನಿಂದಲೇ ದಿನಾ ನಡೆಯಿರಿ, ಹೊಸ ಶೂ ಹಾಕಿಕೊಂಡು ಹೊರಡಬೇಡಿ, ಡಾಕ್ಟರಿಗೆ ಒಮ್ಮೆ ತೋರಿಸಿ. ತೀರಾ ಸುಸ್ತಾದ ದಿನ ಆ ಗಾಡಿ ಹತ್ತಿ. ಅದರಿಂದ ನಡಿಗೆ ಕೆಡುವುದಿಲ್ಲ, ನಾನೂ ಒಂದು ಮಧ್ಯಾಹ್ನ ಹತ್ತಿದ್ದೆ.

ಆತ್ಮಕೂರು ದಾಟಿ ವೆಂಕಟಾಪುರಕ್ಕೆ ಬಂದರೆ ನಲ್ಲಮಲ ಕಾಡು ಶುರು. ಅಲ್ಲಿಂದ ಕಾಲುದಾರಿ ಸುಮಾರು 40 ಕಿಲೋಮೀಟರ್. ಹುಲಿ ಇರುವ ರಕ್ಷಿತಾರಣ್ಯ ಅದು, ಗುಂಪು ಬಿಡಬೇಡಿ, ಪ್ಲಾಸ್ಟಿಕ್ ಒಂದೂ ಬಿಸಾಡಬೇಡಿ. ನಾಗಲೂಟಿ, ಪೆಚ್ಚೆರುವು, ಆಮೇಲೆ ಭೀಮನ ಕೊಳ. ಕೊಳಕ್ಕೆ ಇಳಿದ ಮೇಲೆ ಕೈಲಾಸ ಬಾಗಿಲಿಗೆ ಮೆಟ್ಟಿಲು ಹತ್ತಬೇಕು. ಶ್ರೀಶೈಲದ ಬೆಟ್ಟಕ್ಕೆ ರೆಡ್ಡಿ ಅರಸ ಪ್ರೋಲಯ ವೇಮ ಮೆಟ್ಟಿಲು ಕಟ್ಟಿಸಿದ್ದು 14ನೇ ಶತಮಾನದಲ್ಲಿ. ಅದಕ್ಕೂ 200 ವರ್ಷ ಮೊದಲು ಅಕ್ಕಮಹಾದೇವಿ ಕಲ್ಯಾಣದಿಂದ ಈ ಬೆಟ್ಟಕ್ಕೆ ಬಂದಾಗ ಇದ್ದದ್ದು ಬರೀ ಕಲ್ಲು, ಕಾಡು. ಆ ಮೆಟ್ಟಿಲಿನಲ್ಲಿ ಮರಗಾಲು ಕಟ್ಟಿಕೊಂಡು ಹತ್ತುವ ಹುಡುಗನೊಬ್ಬನನ್ನು ಕಂಡೆ, ಕೆಳಗಿನಿಂದ ನಾಲ್ಕು ಕೈ ಅವನನ್ನು ಹಿಡಿದಿದ್ದವು. ನನ್ನನ್ನು ಹಿಡಿದದ್ದು ಆ ಅಜ್ಜಿ. "ಸಾವಕಾಶ ತಮ್ಮಾ, ಮಲ್ಲಯ್ಯ ಎಲ್ಲೂ ಓಡಿ ಹೋಗೂದಿಲ್ಲ" ಅನ್ನುತ್ತಲೇ ಹತ್ತಿಸಿದರು.

ಅಜ್ಜಿಯ ಗಂಟಿನಲ್ಲಿ ಒಂದು ಹಸಿರು ಇಳಕಲ್ ಸೀರೆ, ಕುಪ್ಪಸದ ಖಣ, ಬಳೆ ಇದ್ದವು. ಟ್ರ್ಯಾಕ್ಟರಿನಲ್ಲಿ ಇಡಿ ಅಂದರೂ ಕೇಳದೆ ಎದೆಗೆ ಅವುಚಿಕೊಂಡೇ ಬಂದಿದ್ದರು. ನಿಮಗೆ ಗೊತ್ತಿರುವುದೇ, ನಮ್ಮ ಜನಕ್ಕೆ ಶ್ರೀಶೈಲದ ದೇವಿ ಭ್ರಮರಾಂಬೆ ಮನೆಮಗಳು, ಮಲ್ಲಯ್ಯ ಅಳಿಯ. "ಮಗಳ ಮನಿಗಿ ಬರಿಗೈಲೆ ಹೋಗ್ತಾರೇನು?" ಎಂದು ಅಜ್ಜಿ ನನ್ನನ್ನೇ ಕೇಳಿದರು. ಗುಡಿಯ ಮುಂದಿನ ಜನಜಂಗುಳಿಯಲ್ಲಿ ಅವರ ಕೈ ತಪ್ಪಿತು. ಆಮೇಲೆ ಹುಡುಕಿದೆ, ಸಿಗಲಿಲ್ಲ. ಅವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ನಿಮ್ಮ ವಾರಗಿತ್ತಿಗೆ ಇನ್ನೂ ಕೆಲಸ ಇದೆ ಅಕ್ಕಾ. ದೇವಿಗೆ ಉಡಿ ತುಂಬುವ ಸೀರೆ ಅವರೇ ಆರಿಸಲಿ. ಡಾಕ್ಟರು ಒಪ್ಪಿದರೆ ಯುಗಾದಿಯ ಹಿಂದಿನ ದಿನ ಅದನ್ನು ಹಿಡಿದು ಬಸ್ಸಿನಲ್ಲಿ ಬರಲಿ, ಜಾತ್ರೆಗೆ ನಮ್ಮ ಕಡೆಯಿಂದ ವಿಶೇಷ ಬಸ್ಸುಗಳಿರುತ್ತವೆ. ಕಾಡಿನೊಳಗೆ ಫೋನ್ ಸಿಗುವುದು ಕಷ್ಟ, ಹಾಗಾಗಿ ಎಲ್ಲಿ ಸಿಗೋಣ ಅಂತ ವೆಂಕಟಾಪುರದಿಂದಲೇ ಅವರಿಗೆ ಹೇಳಿಬಿಡಿ. ಕೈಲಾಸ ಬಾಗಿಲಿನ ನಂತರ ನೀವು ಹಾಟಕೇಶ್ವರದ ಗುಡಿಗೆ ಬರುತ್ತೀರಿ. ಅದು ಡಾಂಬರು ರಸ್ತೆಯ ಪಕ್ಕದಲ್ಲೇ ಇದೆ, ಮಂಡಿ ನೋವಿನವರೂ ಆಟೋದಲ್ಲಿ ಬಂದು ನೆರಳಲ್ಲಿ ಕೂತು ಕಾಯಬಹುದು. ರೂಮು ಮಾತ್ರ ಈಗಲೇ ಹೇಳಿಡಿ.