ಆ 96% ಅಳಿಸಿ, ಮೊದಲು ಸ್ಪ್ಲಿಟ್ ಸರಿ ಮಾಡಿ

ಸರ್, ತಾಲ್ಲೂಕುವಾರು ತಿಂಗಳ ಮಲೇರಿಯಾ ಕೇಸಿಗೆ ಮಳೆ, ತಾಪಮಾನ ಜೋಡಿಸಿ ರ‍್ಯಾಂಡಮ್ ಫಾರೆಸ್ಟ್ (ಹಲವು ನಿರ್ಧಾರ-ಮರಗಳ ಮಾಡೆಲ್) ಓಡಿಸಿದೆ, 80-20 ರ‍್ಯಾಂಡಮ್ ಸ್ಪ್ಲಿಟ್‌ನಲ್ಲಿ 96% ಅಕ್ಯುರೆಸಿ (ಸರಿಯುತ್ತರದ ಪ್ರಮಾಣ) ಬಂತು ಅಂತ ಹಾಕಿದ್ದೀರಿ. ನಾನೂ ಬಿದ್ದೆದ್ದ ಗುಂಡಿಯೇ ಇದು. ಸ್ಪ್ಲಿಟ್ ಅಂದ್ರೆ ಸಾಲುಗಳಲ್ಲಿ ಒಂದು ಪಾಲು ಮಾಡೆಲ್ ಕಲಿಯೋಕೆ (ಟ್ರೇನ್), ಇನ್ನೊಂದು ಪಾಲು ಪರೀಕ್ಷಿಸೋಕೆ (ಟೆಸ್ಟ್). ಒಂದೇ ತಾಲ್ಲೂಕಿನ ಜುಲೈ, ಸೆಪ್ಟೆಂಬರ್ ಟ್ರೇನ್‌ನಲ್ಲಿದ್ದು ಆಗಸ್ಟ್ ಟೆಸ್ಟ್‌ಗೆ ಹೋದರೆ ಮಾಡೆಲ್ ಊಹಿಸೋದೇನಿದೆ? ನಡುವಿನ ಖಾಲಿ ಜಾಗ ತುಂಬುತ್ತೆ, ಅಷ್ಟೆ. ಅಕ್ಷಾಂಶ, ರೇಖಾಂಶವನ್ನೂ ಫೀಚರ್ (ಮಾಡೆಲ್ ಕಲಿಯೋ ಕಾಲಂ) ಆಗಿ ಕೊಟ್ಟಿದ್ದರೆ ತಾಲ್ಲೂಕನ್ನೇ ಬಾಯಿಪಾಠ ಮಾಡಿರುತ್ತೆ. ಅದೂ ಅಲ್ಲದೆ ಬಹಳಷ್ಟು ಸಾಲುಗಳಲ್ಲಿ ಕೇಸ್ ಸೊನ್ನೆ. ಎಲ್ಲಕ್ಕೂ 'ಅಪಾಯ ಇಲ್ಲ' ಅಂದರೂ ಅಕ್ಯುರೆಸಿ ಚೆನ್ನಾಗೇ ಬರುತ್ತೆ. ಪ್ರಿಸಿಷನ್ (ಅಪಾಯ ಅಂದದ್ದರಲ್ಲಿ ನಿಜವಾದದ್ದೆಷ್ಟು), ರೀಕಾಲ್ (ನಿಜವಾದ ಅಪಾಯದಲ್ಲಿ ಹಿಡಿದದ್ದೆಷ್ಟು) ನೋಡಿ.

ಕಾಲದ ಪ್ರಕಾರ ಕತ್ತರಿಸಿ: 2016ರವರೆಗೆ ಟ್ರೇನ್, 2017 ಟೆಸ್ಟ್, ಆಮೇಲೆ 2017ರವರೆಗೆ ಟ್ರೇನ್, 2018 ಟೆಸ್ಟ್, ಹೀಗೇ ಮುಂದಕ್ಕೆ. ಹೊಸ ಊರಿಗೂ ಹೇಳಬೇಕು ಅಂದ್ರೆ ಗ್ರೂಪ್‌ಕೆಫೋಲ್ಡ್ (ಇಡೀ ಗುಂಪನ್ನೇ ಟೆಸ್ಟ್‌ಗೆ ತೆಗೆದಿಡೋ ವಿಧಾನ) ಬಳಸಿ, ಗುಂಪು ಜಿಲ್ಲೆ ಆಗಿರಲಿ. ತಾಲ್ಲೂಕು ಸಾಲದು, ಪಕ್ಕದ ತಾಲ್ಲೂಕಿನ ಮಳೆಯೂ ಹೆಚ್ಚುಕಡಿಮೆ ಅದೇ. 2020 ಬೇರೆ ಇಡಿ. ಲಾಕ್‌ಡೌನ್‌ನಲ್ಲಿ ರಕ್ತಪರೀಕ್ಷೆಯೇ ಏರುಪೇರು. ಪರೀಕ್ಷೆ ಎಷ್ಟಾಯ್ತು ಅನ್ನೋ ಕಾಲಂ ಇಲ್ಲದೆ ಕೇಸ್ ಕಮ್ಮಿ ಆಯ್ತು ಅನ್ನೋಕೆ ಬರಲ್ಲ.

ಇನ್ನು ಲ್ಯಾಗ್, ಅಂದ್ರೆ ಮಳೆಗೂ ಕೇಸಿಗೂ ನಡುವಿನ ಕಾಲದ ಅಂತರ. ಅದೇ ತಿಂಗಳ ಮಳೆ ಕೊಟ್ಟಿದ್ದೀರಿ, ತಪ್ಪು. ಲಾರ್ವಾ ಸೊಳ್ಳೆಯಾಗೋಕೆ ವಾರ-ಹತ್ತು ದಿನ, ಸೊಳ್ಳೆಯೊಳಗೆ ಪರಾವಲಂಬಿ ಬಲಿಯೋಕೆ ಸುಮಾರು 10-14 ದಿನ, ಕಚ್ಚಿದ ಮೇಲೆ ಜ್ವರ ಬರೋಕೆ ಇನ್ನೆರಡು ವಾರ. ಹಾಗಾಗಿ 1, 2, 3 ತಿಂಗಳ ಲ್ಯಾಗ್ ಇಡಿ. ಮಳೆ ಜಾಸ್ತಿ ಆದಷ್ಟೂ ಕೇಸ್ ಜಾಸ್ತಿ ಅಂತಲೂ ಅಲ್ಲ, ಜೋರು ಮಳೆ ಲಾರ್ವಾಗಳನ್ನು ಕೊಚ್ಚಿಕೊಂಡು ಹೋಗುತ್ತೆ. ಪಟ್ಟಣದ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಸ್ಟೀಫೆನ್ಸಿ ಓವರ್‌ಹೆಡ್ ಟ್ಯಾಂಕ್, ಸಂಪ್, ಕಟ್ಟಡ ಕೆಲಸದ ಜಾಗದಲ್ಲಿ ನಿಂತ ನೀರಲ್ಲೇ ಬೆಳೆಯುತ್ತೆ. ಅದಕ್ಕೇ ಮಂಗಳೂರಿಗೂ ಹಳ್ಳಿಗೂ ಒಂದೇ ಮಳೆಯ ಲೆಕ್ಕ ನಡೆಯಲ್ಲ. ಬೆಂಗಳೂರಲ್ಲಿ ಸಿಕ್ಕ ಕೇಸ್ ಇಲ್ಲೇ ಕಚ್ಚಿದ್ದು ಅಂತಲೂ ಅಲ್ಲ. ಪ್ರಯಾಣದ ವಿವರ ಇದ್ದರೆ ಹೊರಗಿಂದ ಬಂದದ್ದನ್ನು ಬೇರ್ಪಡಿಸಿ. ವೈವ್ಯಾಕ್ಸ್ (ಮಲೇರಿಯಾದ ಒಂದು ಬಗೆ) ಮರುಕಳಿಸಿದ್ದು ಹೊಸ ಕೇಸ್ ಆಗಿ ಸೇರಿದ್ದರೂ ಲ್ಯಾಗ್ ಕೆಡುತ್ತೆ.

ಮೋಡಿಸ್‌ನ (ನಾಸಾ ಉಪಗ್ರಹದ ಸೆನ್ಸರ್) ನೆಲದ ತಾಪಮಾನ ಬಳಸಿದ್ದರೆ 0.02ರಿಂದ ಗುಣಿಸಿ 273.15 ಕಳೆಯಬೇಕು, ಆಗ ಸೆಲ್ಸಿಯಸ್ ಸಿಗುತ್ತೆ. ಅದಕ್ಕೂ ಮೊದಲು ಅದರ ಸೊನ್ನೆಗಳನ್ನು ತೆಗೆಯಿರಿ, ಅವು ಡೇಟಾ ಇಲ್ಲ ಅನ್ನೋ ಗುರುತು. ಬಿಟ್ಟರೆ ಮಳೆಗಾಲದ ಮೋಡದಿಂದ ಕರಾವಳಿಯೆಲ್ಲ ಮೈನಸ್ 273 ಆಗಿ, ಸರಾಸರಿ ಹಾಳು. ನನಗೆ ಇಆರ್‌ಎ5-ಲ್ಯಾಂಡ್ (ಮಾಡೆಲ್, ವೀಕ್ಷಣೆ ಸೇರಿಸಿ ಕಟ್ಟಿದ ಹವಾಮಾನ ಡೇಟಾ) ಮೇಲು. ಒಂದೊಂದು ಚೌಕ ಸುಮಾರು 9 ಕಿ.ಮೀ., ಒರಟು, ಆದರೆ ತೂತಿಲ್ಲ, ಗಾಳಿಯ ತಾಪಮಾನವೇ ಸಿಗುತ್ತೆ. ಮಳೆಗೆ ಚಿರ್ಪ್ಸ್ (ಉಪಗ್ರಹ, ಮಳೆಮಾಪಕ ಸೇರಿಸಿದ ಮಳೆ ಡೇಟಾ) ಸಾಕು. ಅದರ ಅಂತಿಮ ಆವೃತ್ತಿ ತಿಂಗಳು ಮುಗಿದು ಸುಮಾರು ಮೂರು ವಾರಕ್ಕೆ ಬರೋದು, 1ನೇ ತಾರೀಕು ಮುನ್ಸೂಚನೆ ಕೊಡೋರು ಕಳೆದ ತಿಂಗಳ ಮಳೆ ಕೈಯಲ್ಲಿದೆ ಅಂದುಕೊಳ್ಳಬೇಡಿ.

ಕೆಳಗೆ ಕಾಮೆಂಟ್‌ನಲ್ಲಿ ಯಾರೋ ಎಲ್‌ಎಸ್‌ಟಿಎಂ (ಬಹಳ ಡೇಟಾ ಬೇಡೋ ನ್ಯೂರಲ್ ನೆಟ್‌ವರ್ಕ್) ಹಾಕಿ ಅಂದಿದ್ದಾರೆ. ಬೇಡ ಸ್ವಾಮಿ, 10 ವರ್ಷ ಅಂದ್ರೆ ತಾಲ್ಲೂಕಿಗೆ 120 ಸಾಲು! ಎಕ್ಸ್‌ಜಿಬೂಸ್ಟ್‌ನಲ್ಲಿ (ಇದೂ ಮರಗಳ ಮಾಡೆಲ್ಲೇ) ಪಾಯ್ಸನ್ ಆಬ್ಜೆಕ್ಟಿವ್ (ಎಣಿಕೆಗೆ ತಕ್ಕ ಲೆಕ್ಕ) ಇಟ್ಟು, ಬೇಸ್ ಮಾರ್ಜಿನ್‌ಗೆ (ಮಾಡೆಲ್ ಶುರುಮಾಡೋ ಅಂಕಿ) ಜನಸಂಖ್ಯೆಯ ಲಾಗ್ ಕೊಡಿ. ಪ್ರೆಡಿಕ್ಟ್ ಮಾಡುವಾಗಲೂ ಕೊಡಬೇಕು, ಬಹಳ ಜನ ಮರೆಯೋದು ಇಲ್ಲೇ.

ಹಿಂದಿನ ಮೂರು ವರ್ಷದ ಅದೇ ತಿಂಗಳ ಸರಾಸರಿಯನ್ನು ಬೇಸ್‌ಲೈನ್ (ಹೋಲಿಕೆಯ ಅಳತೆ) ಮಾಡಿ, ಅದರದ್ದೂ ಮಾಡೆಲ್‌ದೂ ಎಂಎಇಯನ್ನು (ಸರಾಸರಿ ತಪ್ಪು) ಪಕ್ಕಪಕ್ಕ ಇಟ್ಟು ಇಲ್ಲೇ ಹಾಕಿ. ಹೈಪರ್‌ಪ್ಯಾರಾಮೀಟರ್ (ಮಾಡೆಲ್‌ನ ಸೆಟ್ಟಿಂಗ್) ಮಾತು ಆಮೇಲೆ.