ಶ್ರಾವಣದ ಒಪ್ಪತ್ತು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ದಿಲ್ಲಿಯಲ್ಲಿರುವ ನನ್ನ ನಾದಿನಿ ಈ ವರ್ಷ, ಅಂದರೆ 2026ರಲ್ಲಿ, ಜುಲೈ 30ಕ್ಕೇ ಶ್ರಾವಣ ಆರಂಭವಾಗುತ್ತದೆಂದು ಹೇಳುತ್ತಾಳೆ. ಟಿವಿಯಲ್ಲೂ ಹಾಗೆಯೇ ಹೇಳುತ್ತಾರೆ. ನಮ್ಮ ಮನೆಯ ಪಂಚಾಂಗದಲ್ಲಿ ಆಗಸ್ಟ್ 13 ಎಂದಿದೆ. ನಾವು ಯಾವ ಸೋಮವಾರಗಳನ್ನು ಹಿಡಿಯಬೇಕು?
– ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ನಿಮ್ಮ ಪಂಚಾಂಗವೂ ಸರಿ, ನಾದಿನಿಯವರ ಮಾತೂ ಸರಿ. ಕರ್ನಾಟಕ, ಮಹಾರಾಷ್ಟ್ರ, ಆಂಧ್ರ, ತೆಲಂಗಾಣ ಮತ್ತು ಗುಜರಾತಿನಲ್ಲಿ ಮಾಸವು ಅಮಾವಾಸ್ಯೆಗೆ ಮುಗಿಯುತ್ತದೆ. ಉತ್ತರದ ಹೆಚ್ಚಿನ ಕಡೆಗಳಲ್ಲಿ ಹುಣ್ಣಿಮೆಗೆ ಮುಗಿಯುತ್ತದೆ. ಹೀಗಾಗಿ ಶುಕ್ಲಪಕ್ಷದ ಹೆಸರು ಇಬ್ಬರಿಗೂ ಒಂದೇ ಆಗಿದ್ದರೂ ಕೃಷ್ಣಪಕ್ಷದ ಹೆಸರಿನಲ್ಲಿ ಒಂದು ತಿಂಗಳ ಅಂತರ ಕಾಣುತ್ತದೆ. ನಮಗೆ ಶ್ರಾವಣ ಬಹುಳ ಅಷ್ಟಮಿಯಾದ ಕೃಷ್ಣಾಷ್ಟಮಿಯನ್ನು ಅವರು ಭಾದ್ರಪದ ಕೃಷ್ಣ ಅಷ್ಟಮಿ ಎನ್ನುತ್ತಾರೆ. ಮಾಸದ ಹೆಸರು ಬೇರೆಯಾದರೂ ತಿಥಿ ಅದೇ.

ನಮ್ಮ ಲೆಕ್ಕದಲ್ಲಿ ಈ ವರ್ಷದ ಶ್ರಾವಣ ಸೋಮವಾರಗಳು ಆಗಸ್ಟ್ 17, 24, 31 ಮತ್ತು ಸೆಪ್ಟೆಂಬರ್ 7. ಉತ್ತರದವರಿಗೆ ಆಗಸ್ಟ್ 3, 10, 17 ಮತ್ತು 24. ಆಗಸ್ಟ್ 3 ಮತ್ತು 10ರಂದು ನಮಗೆ ಇನ್ನೂ ಆಷಾಢ ಬಹುಳವೇ ನಡೆದಿರುತ್ತದೆ. ಕಳೆದ ವರ್ಷ ಜುಲೈ 25ಕ್ಕೇ ಬಂದಿದ್ದ ಶ್ರಾವಣ ಈ ಸಲ ತಡವಾಯಿತೇಕೆಂದು ಕೆಲವರಿಗೆ ಅನಿಸಬಹುದು. ಹನ್ನೆರಡು ಚಾಂದ್ರಮಾಸಗಳು ಸೇರಿದರೆ ಸುಮಾರು 354 ದಿನಗಳಾಗುತ್ತವೆ. ಸೌರವರ್ಷಕ್ಕೆ ಹೋಲಿಸಿದಾಗ ಸುಮಾರು 11 ದಿನ ಕಡಿಮೆ ಬೀಳುತ್ತದೆ. ಆ ಕೊರತೆಯನ್ನು ತುಂಬಲೆಂದು ಎರಡೂವರೆ ವರ್ಷ ದಾಟಿದ ಮೇಲೆ ಒಂದು ಅಧಿಕಮಾಸ ಬರುತ್ತದೆ. ಈ ವರ್ಷ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಬಂದುದರಿಂದ ಅದರ ನಂತರದ ಹಬ್ಬಗಳೆಲ್ಲ ತಡವಾಗಿ ಬರುತ್ತವೆ. 2023ರಲ್ಲಿ ಶ್ರಾವಣವೇ ಅಧಿಕವಾಗಿತ್ತು. ಆಗ ಹಬ್ಬ, ವ್ರತಗಳಿಗೆ ಆಗಸ್ಟ್ 17ರಿಂದ ಬಂದ ನಿಜ ಶ್ರಾವಣವನ್ನೇ ಹಿಡಿದದ್ದು ನಿಮಗೆ ನೆನಪಿರಬಹುದು.

ನೀವು ಹಿರಿಯರಿಂದ ಬಂದ ನಾಲ್ಕು ಸೋಮವಾರಗಳನ್ನೇ ಹಿಡಿಯಿರಿ. ಎರಡೂ ಲೆಕ್ಕಗಳನ್ನು ಸೇರಿಸಿ ಆರು ಸೋಮವಾರ ಮಾಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಟಿವಿ ಹೇಳಿತೆಂಬ ಹೆದರಿಕೆಯಿಂದ ಹಾಗೆ ಮಾಡುವ ಅಗತ್ಯವಿಲ್ಲ.

ಪ್ರಶ್ನೆ: ಶ್ರಾವಣ ಸೋಮವಾರ ಹಗಲೆಲ್ಲ ಉಪವಾಸವಿದ್ದು, ಸಂಜೆ ತ್ರಿಕೂಟೇಶ್ವರನ ದರ್ಶನ ಮಾಡಿಕೊಂಡು ಬಂದು ಊಟ ಮಾಡುವುದು ನಮ್ಮ ಮನೆಯ ಪದ್ಧತಿ. ಈ ವರ್ಷ ಮೊದಲ ಸೋಮವಾರವೇ ನಾಗರ ಪಂಚಮಿ ಬಂದಿದೆ. ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ, ಮನೆ ತುಂಬ ಉಂಡಿಗಳಿರುತ್ತವೆ. ಹಬ್ಬ ಬಿಡಬೇಕೋ, ಉಪವಾಸ ಬಿಡಬೇಕೋ?
– ಗೃಹಿಣಿಯೊಬ್ಬರು, ಬೆಟಗೇರಿ, ಗದಗ

ಉತ್ತರ: ಎರಡನ್ನೂ ಬಿಡಬೇಕಾಗಿಲ್ಲ. ನೀವು ಬರೆದಿರುವ ಆಚರಣೆ ನಿರಾಹಾರವಲ್ಲ, ಒಪ್ಪತ್ತು. ಒಪ್ಪತ್ತಿನ ನಿಯಮವಿರುವುದು ಎಷ್ಟು ಸಲ ಉಣ್ಣುತ್ತೇವೆ ಎಂಬುದರ ಮೇಲೆ. ಹಬ್ಬದ ಅಡುಗೆಯನ್ನು ಅದು ನಿಷೇಧಿಸುವುದಿಲ್ಲ. ಬೆಳಿಗ್ಗೆ ನಾಗಪ್ಪನಿಗೆ ಹಾಲೆರೆದು, ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಅಳ್ಳುಗಳನ್ನು ನೈವೇದ್ಯ ಮಾಡಿ ತೆಗೆದಿಡಿ. ಸಂಜೆ ಗುಡಿಯಿಂದ ಬಂದ ಮೇಲೆ ಅದೇ ನೈವೇದ್ಯ ನಿಮ್ಮ ಒಂದು ಹೊತ್ತಿನ ಊಟದ ಭಾಗವಾಗಲಿ. ಪಂಚಮಿಯ ದಿನ ಒಲೆಯ ಮೇಲೆ ಹಂಚು ಇಡಬಾರದೆಂಬ ನೇಮವಿರುವ ಮನೆಗಳಲ್ಲಿ ರೊಟ್ಟಿಯನ್ನು ಮೊದಲೇ ಬಡಿದಿಟ್ಟಿರುತ್ತಾರಾದ್ದರಿಂದ ಸಂಜೆ ಅಡುಗೆಯ ಅವಸರವೂ ಇರುವುದಿಲ್ಲ.

ಹಿಂದಿನ ದಿನ, ಅಂದರೆ ಆಗಸ್ಟ್ 16ರ ಭಾನುವಾರ, ನಾಗಚೌತಿಯ ಉಪವಾಸವನ್ನೂ ಹಿಡಿಯುವವರಿಗೆ ಸತತ ಎರಡು ದಿನಗಳಾಗುತ್ತವೆ. ಅಂಥವರು ಸೋಮವಾರ ಮಧ್ಯಾಹ್ನದ ನೈವೇದ್ಯಕ್ಕೇ ಒಪ್ಪತ್ತನ್ನು ಮುಗಿಸಿ, ರಾತ್ರಿ ಹಾಲು ಹಣ್ಣು ತೆಗೆದುಕೊಂಡರೆ ಸಾಕೆಂಬುದು ನನ್ನ ಅಭಿಪ್ರಾಯ. ಇನ್ನೊಂದು ವಿಷಯ: ತವರಿಗೆ ಬಂದ ಮಗಳಿಗೆ ತನ್ನ ಗಂಡನ ಮನೆಯ ನೇಮ ಬೇರೆ ಇರಬಹುದು. ನಿಮ್ಮ ಒಪ್ಪತ್ತಿಗಾಗಿ ಅವಳೂ ಮೊಮ್ಮಕ್ಕಳೂ ಸಂಜೆಯವರೆಗೆ ಉಂಡಿಯ ಡಬ್ಬಿಯನ್ನು ನೋಡುತ್ತ ಕೂರಬಾರದು. ಅವರು ಜೋಕಾಲಿ ಆಡಿಕೊಂಡು, ಉಂಡಿ ತಿಂದುಕೊಂಡು ಇರಲಿ.

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. ಸಕ್ಕರೆ ಕಾಯಿಲೆಯಿದ್ದು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಶ್ರಾವಣ ಶನಿವಾರಗಳಂದು ಏನನ್ನೂ ತಿನ್ನದೆ ನುಗ್ಗಿಕೇರಿ ಹನುಮಂತನ ಗುಡಿಗೆ ಹೋಗುತ್ತಾರೆ. ಬಂದ ಮೇಲೆ ಸಾಬೂದಾಣಿ ಕಿಚಡಿ ಮಾತ್ರ. ಬೇಡವೆಂದರೆ, ನಲವತ್ತು ವರ್ಷದ ವ್ರತ ಮುರಿಯಬೇಕೇ ಎಂದು ಕಣ್ಣೀರು ಹಾಕುತ್ತಾರೆ.
– ಮಗನೊಬ್ಬ, ಧಾರವಾಡ

ಉತ್ತರ: ನಿಮ್ಮ ತಾಯಿಯವರಿಗೆ ವೈದ್ಯರ ಮಾತಿಗಿಂತ ಮೊದಲು ಶಾಸ್ತ್ರದ ಮಾತನ್ನು ಹೇಳಿರಿ, ಅವರ ಭಯವಿರುವುದು ಅಲ್ಲಿ. ಮಹಾಭಾರತದ ಉದ್ಯೋಗಪರ್ವದಲ್ಲಿ ವಿದುರನ ನೀತಿಯ ನಡುವೆ ಒಂದು ಶ್ಲೋಕವಿದ್ದು, ವ್ರತವನ್ನು ಕೆಡಿಸದ ಎಂಟು ಸಂಗತಿಗಳನ್ನು ಅದು ಹೆಸರಿಸುತ್ತದೆ: ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ಮಾತು ಮತ್ತು ಔಷಧ. ಹಾಲು ಹಣ್ಣು ತೆಗೆದುಕೊಂಡು, ಔಷಧವನ್ನೂ ತೆಗೆದುಕೊಂಡವರ ವ್ರತ ಮುರಿಯಿತೆಂದು ಹೇಳಲು ಯಾರಿಗೂ ಆಧಾರವಿಲ್ಲ. ನಲವತ್ತು ವರ್ಷದ ನೇಮವನ್ನು ನಿಲ್ಲಿಸಿರೆಂದು ಅವರಿಗೆ ಹೇಳಬೇಡಿರಿ; ಅದರ ರೂಪ ಬದಲಾಯಿತೆಂದು ಹೇಳಿರಿ.

ಇನ್ನು ದೇಹದ ಮಾತು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಗುಳಿಗೆಗಳನ್ನು ತೆಗೆದುಕೊಂಡು ಹೊಟ್ಟೆ ಖಾಲಿ ಇಟ್ಟರೆ ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗೆ ಇಳಿಯಬಹುದು. ಬೆವರು, ಕೈನಡುಕ, ಎದೆಬಡಿತ, ಕಣ್ಣು ಮಂಜಾಗುವುದು ಅದರ ಲಕ್ಷಣಗಳು. ಶನಿವಾರದ ಗುಡಿಯ ಸಾಲಿನಲ್ಲಿ ನಿಂತವರು ಇದನ್ನು ದಣಿವೆಂದೇ ತಿಳಿಯುವ ಅಪಾಯವಿದೆ. ಹಾಗೆಂದು ಉಪವಾಸದ ದಿನ ಇನ್ಸುಲಿನ್ನನ್ನೇ ಬಿಟ್ಟುಬಿಡುವುದು ಇನ್ನೊಂದು ಬಗೆಯ ಅಪಾಯ. ಆದ್ದರಿಂದ ಶ್ರಾವಣಕ್ಕೆ ಮೊದಲೇ ಅವರನ್ನು ಚಿಕಿತ್ಸೆ ನೀಡುವ ವೈದ್ಯರ ಬಳಿ ಕರೆದೊಯ್ದು, ಉಪವಾಸ ಸಾಧ್ಯವೇ, ಸಾಧ್ಯವಾದರೆ ಪ್ರಮಾಣವೆಷ್ಟು, ಹೊತ್ತು ಯಾವುದು ಎಂದು ಕೇಳಿಕೊಳ್ಳಿರಿ. ಗುಡಿಗೆ ಹೋಗುವಾಗ ಸಕ್ಕರೆಯೋ ಬೆಲ್ಲವೋ ಅವರ ಚೀಲದಲ್ಲಿರಲಿ.

ಸಾಬೂದಾಣಿಯ ವಿಷಯದಲ್ಲಿ ನಮ್ಮ ಭಾಗದವರಿಗೆ ಅತಿಯಾದ ನಂಬಿಕೆ. ಅದು ಮರಗೆಣಸಿನ ಪಿಷ್ಟ. ನಾರು, ಸಸಾರಜನಕ ಎರಡೂ ಅದರಲ್ಲಿ ಹೆಸರಿಗಷ್ಟೇ ಇವೆ. ದಿನವೆಲ್ಲ ಹಸಿದ ದೇಹಕ್ಕೆ ಅದೊಂದನ್ನೇ ತಟ್ಟೆ ತುಂಬ ಹಾಕಿದರೆ ಇಳಿದಿದ್ದ ಸಕ್ಕರೆ ದಡದಡನೆ ಏರುತ್ತದೆ. ಹಾಲು, ಮಜ್ಜಿಗೆ, ಶೇಂಗಾ, ರಾಜಗಿರಿ ಇವುಗಳಲ್ಲಿ ನಿಮ್ಮ ಮನೆಯ ನೇಮಕ್ಕೆ ಒಪ್ಪುವುದನ್ನು ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಮೂರು ನಾಲ್ಕು ಸಲ ಕೊಡುವುದು ಮೇಲು. ಇಷ್ಟಕ್ಕೂ ತಾಯಿಯವರ ಮನಸ್ಸು ಸಮಾಧಾನವಾಗದಿದ್ದರೆ ಧರ್ಮಶಾಸ್ತ್ರದಲ್ಲಿ ಪ್ರತಿನಿಧಿಯ ಅವಕಾಶವೂ ಇದೆ: ಅಶಕ್ತರ ಪರವಾಗಿ ಪತಿಯೋ ಮಗನೋ ಉಪವಾಸ ಮಾಡಬಹುದು. ಪತ್ರ ಬರೆದ ನೀವೇ ಈ ಶ್ರಾವಣದ ಶನಿವಾರಗಳನ್ನು ವಹಿಸಿಕೊಳ್ಳುವ ಬಗ್ಗೆ ಯೋಚಿಸಿರಿ.

ಪ್ರಶ್ನೆ: ಉಪವಾಸದ ತಿನಿಸಿಗೆ ಹಸಿಮೆಣಸಿನಕಾಯಿ ನಡೆಯುತ್ತದೆ, ಕೆಂಪು ಖಾರ ನಡೆಯುವುದಿಲ್ಲವೆನ್ನುತ್ತಾರೆ. ಬಟಾಟೆ ಬಗ್ಗೆಯೂ ಜಗಳವಿದೆ. ಯಾವುದು ಶಾಸ್ತ್ರ?
– ಓದುಗರೊಬ್ಬರು, ಹಾವೇರಿ

ಉತ್ತರ: ಮೆಣಸಿನಕಾಯಿ, ಬಟಾಟೆ, ಶೇಂಗಾ, ಸಾಬೂದಾಣಿಯ ಮರಗೆಣಸು ನಾಲ್ಕೂ ಮೂಲತಃ ಅಮೆರಿಕ ಖಂಡದ ಬೆಳೆಗಳು; ಯುರೋಪಿನವರು ಸಮುದ್ರ ದಾಟಿ ಅತ್ತ ಹೋದ ಮೇಲಷ್ಟೇ ನಮ್ಮ ಕಡೆ ಬಂದವು. ಪ್ರಾಚೀನ ಗ್ರಂಥಗಳಲ್ಲಿ ಇವುಗಳಿಗೆ ಅನುಮತಿಯನ್ನಾಗಲಿ ನಿಷೇಧವನ್ನಾಗಲಿ ಹುಡುಕುವುದು ವ್ಯರ್ಥ. ಬ್ಯಾಡಗಿ ಮೆಣಸಿನಕಾಯಿಯ ಜಿಲ್ಲೆಯವರಾದ ನಿಮಗೆ ಇದು ಕಹಿ ಸುದ್ದಿಯಾಗಬಹುದು. ನಿಮ್ಮ ಮನೆಯ ಹಿರಿಯರು ನಡೆಸಿಕೊಂಡು ಬಂದದ್ದನ್ನೇ ನಡೆಸಿರಿ, ಪಕ್ಕದ ಮನೆಯ ಪಟ್ಟಿಯೊಡನೆ ಹೋಲಿಸಬೇಡಿರಿ. ಮಾಧ್ವರು ಚಾತುರ್ಮಾಸ್ಯದ ಮೊದಲ ತಿಂಗಳಲ್ಲಿ ಆಚರಿಸುವ, ತರಕಾರಿಗಳನ್ನು ವರ್ಜಿಸುವ ಶಾಕವ್ರತ ಬೇರೆಯದೇ ವಿಷಯ; ಅದಕ್ಕೆ ಅವರವರ ಮಠದ ಪಂಚಾಂಗವೇ ಪ್ರಮಾಣ.

ಪ್ರಶ್ನೆ: ನಮ್ಮದು ಲಿಂಗಾಯತ ಮನೆತನ. ನಮ್ಮ ಅವ್ವ ಸೋಮವಾರದ ಒಪ್ಪತ್ತು ಬಿಡುವುದಿಲ್ಲ. ಕಾಲೇಜಿಗೆ ಹೋಗುವ ಮಗ, ಶರಣರು ವಾರ ತಿಥಿಗಳನ್ನೇ ಒಪ್ಪಲಿಲ್ಲವೆಂದು ಅಜ್ಜಿಯೊಡನೆ ವಾದಿಸುತ್ತಾನೆ. ಪಂಚಮಿಗೆ ಹಾಲೆರೆಯುವುದಕ್ಕೂ ತಕರಾರು.
– ಶಿಕ್ಷಕಿಯೊಬ್ಬರು, ರಾಣೆಬೆನ್ನೂರು

ಉತ್ತರ: ಮಗನ ವಾದಕ್ಕೆ ಆಧಾರವಿದೆ. ಇಷ್ಟಲಿಂಗ ಪೂಜೆ ನಿತ್ಯದ್ದು. ಅದು ವಾರವನ್ನು ಕಾಯುವುದಿಲ್ಲ. ಕಲ್ಲುನಾಗರಕ್ಕೆ ಹಾಲೆರೆದು ದಿಟದ ನಾಗರವನ್ನು ಕೊಲ್ಲುವವರನ್ನು ಬಸವಣ್ಣನವರು ಪ್ರಶ್ನಿಸಿದ ವಚನ ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಈ ಪಂಚಮಿಯನ್ನೇ ಬಸವ ಪಂಚಮಿಯೆಂದು ಆಚರಿಸಿ, ಮಕ್ಕಳಿಗೆ ಹಾಲು ಕುಡಿಸುವ ಪದ್ಧತಿ ಈಗ ಹಲವು ಕಡೆ ಇದೆ. ಅಜ್ಜಿಯ ಕೈಯಲ್ಲೇ ಆ ಹಾಲನ್ನು ಓಣಿಯ ಮಕ್ಕಳಿಗೆ ಕೊಡಿಸಿದರೆ ಜಗಳದ ಅರ್ಧ ಭಾಗ ಅಲ್ಲಿಗೇ ತೀರುತ್ತದೆ. ಮಗನಿಗೂ ಒಂದು ಮಾತು: ಜೀವಂತ ಹಾವಿಗೆ ಹಾಲು ಆಹಾರವಲ್ಲವೆಂಬ ನಿನ್ನ ಮಾತು ನಿಜ, ಆದರೆ ಅಜ್ಜಿ ಒಂದು ಹೊತ್ತಿನ ಊಟ ಬಿಡುವುದರಿಂದ ಯಾವ ವಚನಕ್ಕೂ ಅಪಚಾರವಾಗುವುದಿಲ್ಲ.

ಇನ್ನೊಂದು ದಾರಿಯೂ ಇದೆ. ಶ್ರಾವಣವೆಂದರೆ ನಮ್ಮ ಭಾಗದಲ್ಲಿ ಉಪವಾಸವಷ್ಟೇ ಅಲ್ಲ, ಕೇಳುವ ತಿಂಗಳೂ ಹೌದು. ಮಠಗಳಲ್ಲಿ ಸಂಜೆಯ ಹೊತ್ತು ಪುರಾಣ, ಪ್ರವಚನ ನಡೆಯುತ್ತವೆ. ಹುಬ್ಬಳ್ಳಿಯ ಸಿದ್ಧಾರೂಢರು ದೇಹ ಬಿಟ್ಟದ್ದು 1929ರ ಆಗಸ್ಟ್ 21ರಂದು, ಶ್ರಾವಣದಲ್ಲಿಯೇ. ಅಲ್ಲಿನ ಮಠದ ಹೊಂಡದಲ್ಲಿ ಶ್ರಾವಣದಲ್ಲಿ ನಡೆಯುವ ತೆಪ್ಪದ ತೇರಿಗೆ ಜಾತಿ ಮತಗಳ ಭೇದವಿಲ್ಲದೆ ಜನ ಸೇರುತ್ತಾರೆ. ನಿಮ್ಮ ಊರಿನ ಮಠದ ಪ್ರವಚನಕ್ಕೆ ಅಜ್ಜಿಯನ್ನು ದಿನವೂ ಕರೆದುಕೊಂಡು ಹೋಗಿ ಬರುವ ಹೊಣೆಯನ್ನು ಮೊಮ್ಮಗನಿಗೇ ವಹಿಸಿರಿ. ವಾದವನ್ನು ದಾರಿಯಲ್ಲಿ ಮುಂದುವರಿಸಬಹುದು.